ಅನಾದರದ ಅನುಕೂಲ: ಬಳಕೆ ತಪ್ಪಿದ ಕಟ್ಟಡ ಮತ್ತು ರೋಬೋಟಿಕ್ಸ್ ಪ್ರಯೋಗಾಲಯ ಕುರಿತು ಒಂದು ಸಂವಾದ

ತುಮಕೂರು ನಗರದ ಉತ್ತರದ ಅಂಚಿನಲ್ಲಿ, ಬೆಂಗಳೂರಿನಿಂದ ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಗೆ ಹತ್ತಿಕೊಂಡಿರುವ ಅಂತರಸನಹಳ್ಳಿಯ ಹೆಸರನ್ನು ಕೈಗಾರಿಕಾ ಬಡಾವಣೆಯೂ ತರಕಾರಿಯ ಸಗಟು ಮಾರುಕಟ್ಟೆಯೂ ಹಂಚಿಕೊಂಡಿವೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಬಿ.ಎಚ್. ರಸ್ತೆಯಲ್ಲಿ, 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾನಿಲಯದ ಹಳೆಯ ಆವರಣವಿದ್ದು, ನಗರದ ಹೊರಗೆ ಬಿದರಕಟ್ಟೆಯಲ್ಲಿ ‘ಜ್ಞಾನಸಿರಿ’ ಎಂಬ ಹೊಸ ಆವರಣ ಬೆಳೆದಿದೆ. ವಿದ್ಯಾಸಂಸ್ಥೆಯೊಂದು ಹೀಗೆ ಎರಡು ನೆಲೆಗಳಲ್ಲಿ ಹರಡಿಕೊಂಡಾಗ ಹಳೆಯ ನೆಲೆಯಲ್ಲಿ ತೆರವಾಗುವ ಅಥವಾ ಅರ್ಧಂಬರ್ಧ ಬಳಕೆಯಾಗುವ ಕೊಠಡಿಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅಂತಹ ಜಾಗವನ್ನು ರೋಬೋಟಿಕ್ಸ್ ಸಂಶೋಧನೆಯ ಪ್ರಯೋಗಾಲಯವಾಗಿಸುವುದು ಒಂದು ಸಾಧ್ಯ ಉತ್ತರ. ಆ ಉತ್ತರ ಎಷ್ಟು ಗಟ್ಟಿ, ಅದಕ್ಕೆ ಯಾವ ಷರತ್ತುಗಳು ಬೇಕು ಎಂಬುದನ್ನು ಪರಿಶೀಲಿಸಲು ಇಲ್ಲಿ ಇಬ್ಬರು ಕಲ್ಪಿತ ವ್ಯಕ್ತಿಗಳನ್ನು ಎದುರುಬದುರು ಕೂರಿಸಲಾಗಿದೆ: ಒಬ್ಬರು ವಿಶ್ವವಿದ್ಯಾನಿಲಯವೊಂದರ ಪ್ರಾಧ್ಯಾಪಕರು, ಇನ್ನೊಬ್ಬರು ಅಂತರಸನಹಳ್ಳಿಯಲ್ಲಿ ಯಂತ್ರದ ಬಿಡಿಭಾಗಗಳ ಸಣ್ಣ ಘಟಕ ನಡೆಸುವ ಉದ್ಯಮಿ.

ಉದ್ಯಮಿ: ಬಳಕೆ ತಪ್ಪಿದ ಕೊಠಡಿ ಎಂದೊಡನೆ ಬೀಗ ಜಡಿದ ಬಾಗಿಲು ನೆನಪಾಗುತ್ತದೆ, ಆದರೆ ಕಾಲೇಜು ಆವರಣಗಳಲ್ಲಿ ಹಗಲು ಹೊತ್ತು ಅಡ್ಡಾಡಿದವರಿಗೆ ಬಹುಪಾಲು ಬಾಗಿಲುಗಳು ತೆರೆದೇ ಕಾಣುತ್ತವೆ. ಹಾಗಿರುವಾಗ ಜಾಗ ಪೋಲಾಗುತ್ತಿದೆ ಎಂದು ತಾವು ಯಾವ ಲೆಕ್ಕದ ಮೇಲೆ ಹೇಳುತ್ತೀರಿ, ಮೇಷ್ಟ್ರೇ?

ಪ್ರಾಧ್ಯಾಪಕ: ಅದನ್ನು ಅಳೆಯಲು ಎರಡು ಸಂಖ್ಯೆಗಳು ಬೇಕು. ವಾರದಲ್ಲಿ ಕೊಠಡಿ ಲಭ್ಯವಿರುವ ಗಂಟೆಗಳ ಪೈಕಿ ಎಷ್ಟು ಗಂಟೆ ಅಲ್ಲಿ ಕೆಲಸ ನಡೆಯುತ್ತದೆ ಎಂಬುದು ಮೊದಲನೆಯದು. ಕೆಲಸ ನಡೆಯುವಾಗ ಅದರ ಆಸನಗಳಲ್ಲಿ ಎಷ್ಟು ಭರ್ತಿಯಾಗಿರುತ್ತವೆ ಎಂಬುದು ಎರಡನೆಯದು. ಇವೆರಡನ್ನು ಗುಣಿಸಿದಾಗ ಸಿಗುವುದೇ ಜಾಗದ ಬಳಕೆಯ ಪ್ರಮಾಣ. ಅರುವತ್ತು ಮಂದಿ ಕೂರುವ ಕೊಠಡಿಯಲ್ಲಿ ವಾರದ 40 ಗಂಟೆಗಳ ಪೈಕಿ 20 ಗಂಟೆ ತರಗತಿ ನಡೆದು, ಪ್ರತಿ ತರಗತಿಗೂ ಸರಾಸರಿ ಮೂವತ್ತು ಮಂದಿ ಬರುತ್ತಾರೆಂದು ಇಟ್ಟುಕೊಂಡರೆ, ಅರ್ಧದ ಅರ್ಧ, ಅಂದರೆ ಶೇಕಡಾ 25ರಷ್ಟು ಮಾತ್ರ ಬಳಕೆಯಾದಂತೆ. ಆ ಕೊಠಡಿಯ ಬಾಗಿಲು ದಿನವೂ ತೆರೆಯುತ್ತದೆ, ಕಸ ಗುಡಿಸಲಾಗುತ್ತದೆ, ಫ್ಯಾನು ತಿರುಗುತ್ತದೆ. ಆದರೂ ಅದರ ಮುಕ್ಕಾಲು ಪಾಲು ಖಾಲಿ. ಬೀಗ ಹಾಕಿದ ಕೊಠಡಿಗಿಂತ ಇಂತಹ ಕೊಠಡಿಗಳೇ ಹೆಚ್ಚು, ಮತ್ತು ಇವು ಯಾರ ಕಣ್ಣಿಗೂ ಬೀಳುವುದಿಲ್ಲ.

ಉದ್ಯಮಿ: ಹಾಗಾದರೆ ಉಳಿದ ಇಪ್ಪತ್ತು ಗಂಟೆಯನ್ನು ರೋಬೋಟಿಗೆ ಕೊಟ್ಟರಾಯಿತು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಪ್ರಯೋಗ. ಪ್ರತ್ಯೇಕ ಪ್ರಯೋಗಾಲಯದ ಮಾತೇ ಬೇಕಿಲ್ಲ.

ಪ್ರಾಧ್ಯಾಪಕ: ಈ ವಿಷಯದ ಸ್ವಭಾವ ಅದಕ್ಕೆ ಒಗ್ಗುವುದಿಲ್ಲ. ಯಂತ್ರದ ತೋಳೊಂದು ಮೇಜಿನ ಮೇಲಿನ ವಸ್ತುವನ್ನು ಕ್ಯಾಮೆರಾದಿಂದ ನೋಡಿ ಎತ್ತಬೇಕಾದರೆ, ಕ್ಯಾಮೆರಾ ಎಲ್ಲಿದೆ, ತೋಳಿನ ಬುಡ ಎಲ್ಲಿದೆ, ಇವೆರಡರ ನಡುವಿನ ದೂರ ಮತ್ತು ಕೋನ ಎಷ್ಟು ಎಂಬುದನ್ನು ಮೊದಲು ಅಳೆದು ಗಣಕಕ್ಕೆ ತಿಳಿಸಬೇಕು. ಈ ಹೊಂದಾಣಿಕೆಯನ್ನು ಕ್ಯಾಲಿಬ್ರೇಶನ್ ಎನ್ನುತ್ತಾರೆ. ತರಗತಿಗಾಗಿ ಮೇಜು ಸರಿಸುವಾಗ ಕ್ಯಾಮೆರಾದ ಕಾಲು ಬೆರಳಿನಷ್ಟು ಜರುಗಿದರೂ ಆ ಅಳತೆಯೆಲ್ಲ ವ್ಯರ್ಥವಾಗಿ, ತೋಳು ವಸ್ತುವಿನ ಪಕ್ಕದ ಗಾಳಿಯನ್ನು ಹಿಡಿಯುತ್ತದೆ. ಆದ್ದರಿಂದ ರೋಬೋಟಿಕ್ಸ್‌ಗೆ ಬೇಕಾದದ್ದು ಬಿಡುವಿನ ಗಂಟೆಗಳ ಮೊತ್ತವಲ್ಲ, ಹಗಲಿರುಳು ಕದಲದ ಸ್ವಾಧೀನ. ಮೂರು ಕೊಠಡಿಗಳ ತರಗತಿಗಳನ್ನು ಎರಡರಲ್ಲಿ ಕೂರಿಸಿ ಒಂದನ್ನು ಸಂಪೂರ್ಣವಾಗಿ ಬಿಡಿಸಿಕೊಂಡಾಗ ಮಾತ್ರ ಆ ಸ್ವಾಧೀನ ಸಿಗುತ್ತದೆ. ಆ ಅರ್ಥದಲ್ಲಿ ಪ್ರಯೋಗಾಲಯದ ಮೊದಲ ಕೆಲಸ ಗಾರೆಯವರದಲ್ಲ, ವೇಳಾಪಟ್ಟಿ ಬರೆಯುವವರದು.

ಉದ್ಯಮಿ: ಕಾರ್ಖಾನೆಯಲ್ಲೂ ಒಮ್ಮೆ ಕೂರಿಸಿದ ಫಿಕ್ಸ್ಚರನ್ನು, ಅಂದರೆ ಕೆಲಸದ ತುಂಡನ್ನು ಅಲುಗದಂತೆ ಹಿಡಿಯುವ ಚೌಕಟ್ಟನ್ನು, ಆ ಆರ್ಡರ್ ಮುಗಿಯುವ ತನಕ ಯಾರೂ ಮುಟ್ಟುವುದಿಲ್ಲ, ಇಷ್ಟು ಅರ್ಥವಾಗುತ್ತದೆ. ಆದರೆ ಕದಲದ ಜಾಗವೇ ಬೇಕೆಂದರೆ ಹೊಸ ಶೆಡ್ ಎಬ್ಬಿಸುವುದು ಸುಲಭ. ಕಬ್ಬಿಣದ ಕಂಬ, ತಗಡಿನ ಚಾವಣಿಯ ಶೆಡ್ಡುಗಳು ಕೈಗಾರಿಕಾ ಬಡಾವಣೆಯಲ್ಲಿ ಕೆಲವೇ ತಿಂಗಳಲ್ಲಿ ಮೇಲೇಳುತ್ತವೆ. ಹಳೆಯ ಪಾಠದ ಕೊಠಡಿಯ ಮೇಲೆ ಇಷ್ಟೊಂದು ಮೋಹ ಏಕೆ?

ಪ್ರಾಧ್ಯಾಪಕ: ಅಗ್ಗ ಎಂಬುದು ಅದಕ್ಕೆ ಸಣ್ಣ ಕಾರಣ. ದೊಡ್ಡ ಕಾರಣವನ್ನು ಈ ವಿಜ್ಞಾನದ ಚರಿತ್ರೆಯೇ ಹೇಳುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಕೃತಕ ಬುದ್ಧಿಮತ್ತೆ ಪ್ರಯೋಗಾಲಯ 1966ರಲ್ಲಿ ನೆಲೆಸಿದ್ದು, ದೂರವಾಣಿ ಕಂಪನಿಯೊಂದು ತನ್ನ ಸಂಶೋಧನೆಗೆಂದು ಕಟ್ಟಲು ಆರಂಭಿಸಿ ನಡುವೆಯೇ ಕೈಬಿಟ್ಟಿದ್ದ, ಗುಡ್ಡದ ಮೇಲಿನ ಕಟ್ಟಡದಲ್ಲಿ. ಗಣಕದ ಹಿಡಿತದಲ್ಲಿ ಕೇವಲ ವಿದ್ಯುತ್ತಿನಿಂದ ಚಲಿಸುವ ಆರು ಕೀಲುಗಳ ತೋಳನ್ನು ವಿಕ್ಟರ್ ಶೈನ್‌ಮನ್ 1969ರಲ್ಲಿ ರೂಪಿಸಿದ್ದು ಈ ಬಳಗದ ಆಶ್ರಯದಲ್ಲಿ. ಇಂದಿನ ಕಾರ್ಖಾನೆ ರೋಬೋಟುಗಳ ಪೂರ್ವಜರಲ್ಲಿ ಅದೂ ಒಂದು. ಕುರ್ಚಿಗಳನ್ನು ಅಡ್ಡಾದಿಡ್ಡಿ ಇಟ್ಟಿದ್ದ ಕೋಣೆಯನ್ನು ಕ್ಯಾಮೆರಾ ಹೊತ್ತ ಬಂಡಿಯೊಂದು 1979ರಲ್ಲಿ ಯಾರ ನೆರವೂ ಇಲ್ಲದೆ ಸುಮಾರು ಐದು ಗಂಟೆ ತೆಗೆದುಕೊಂಡು ದಾಟಿದ್ದೂ ಅದೇ ಪ್ರಯೋಗಾಲಯದ ಸಾಧನೆ. ಐದು ಗಂಟೆ ಕಾಲ ಒಂದು ಕುರ್ಚಿಯೂ ಕದಲದಂತೆ ಕೋಣೆಯನ್ನು ಬಿಟ್ಟುಕೊಡುವ ಸೌಕರ್ಯ ತರಗತಿಗಳು ನಡೆಯುವ ಕಟ್ಟಡದಲ್ಲಿ ಸಿಗುವಂತಹದಲ್ಲ.

ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ‘20ನೇ ಕಟ್ಟಡ’ ಇನ್ನೂ ಸ್ಪಷ್ಟವಾದ ನಿದರ್ಶನ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ರಾಡಾರ್ ಸಂಶೋಧನೆಗಾಗಿ ಮರದಲ್ಲಿ ತರಾತುರಿಯಿಂದ ಕಟ್ಟಿ, ಯುದ್ಧ ಮುಗಿದ ಮೇಲೆ ಕೆಡವಬೇಕೆಂದುಕೊಂಡಿದ್ದ ಅದು 1998ರವರೆಗೂ ನಿಂತಿತ್ತು. ಅದರ ಅಂದದ ಬಗ್ಗೆ ಯಾರಿಗೂ ಅಭಿಮಾನವಿರಲಿಲ್ಲವಾದ್ದರಿಂದ ಅಲ್ಲಿನ ಸಂಶೋಧಕರು ಬೇಕೆಂದಲ್ಲಿ ಗೋಡೆ ಕೊರೆದು ತಂತಿ ಎಳೆದುಕೊಂಡರು. ಪರಮಾಣು ಗಡಿಯಾರದ ಪ್ರಯೋಗಕ್ಕೆ ಎತ್ತರ ಸಾಲದಾದಾಗ ಮಹಡಿಗಳ ನೆಲವನ್ನೇ ಕತ್ತರಿಸಿದರು. ಯಾರೂ ಆದರಿಸದ ಕಟ್ಟಡದಲ್ಲಿ ಒಂದು ಅನುಕೂಲವಿದೆ: ಅದನ್ನು ಬದಲಿಸಲು ಅಪ್ಪಣೆ ಬೇಕಿಲ್ಲ. ರೋಬೋಟಿಕ್ಸ್‌ನಂತಹ, ಪ್ರತಿ ಪ್ರಯೋಗಕ್ಕೂ ಜಾಗದ ಸ್ವರೂಪವೇ ಬದಲಾಗುವ ವಿಷಯಕ್ಕೆ ಹೊಸ ಉಪಕರಣಕ್ಕಿಂತಲೂ ಈ ಸ್ವಾತಂತ್ರ್ಯ ದೊಡ್ಡದು.

ಉದ್ಯಮಿ: ಅನಾದರವನ್ನು ಇಷ್ಟು ಹೊಗಳುವ ಮುನ್ನ ನಮ್ಮ ಕಡೆಯ ಅನಾದರ ಯಾವ ಬಗೆಯದೆಂದು ನೋಡಬೇಕು. ಇಲ್ಲಿ ಆದರಿಸದ ಕಟ್ಟಡವೆಂದರೆ ಮಳೆಗಾಲದಲ್ಲಿ ಸೋರುವ ಚಾವಣಿ, ಪಾರಿವಾಳ ಗೂಡು ಕಟ್ಟಿದ ವೆಂಟಿಲೇಟರು, ಮುಟ್ಟಿದರೆ ಕಿಡಿ ಹಾರುವ ಸ್ವಿಚ್‌ಬೋರ್ಡು. ಮಿಂಚಿನ ಮಳೆಗೆ ಒಂದು ಕಂಟ್ರೋಲರ್ ಸುಟ್ಟರೆ ಸ್ವಾತಂತ್ರ್ಯದ ಮಾತೆಲ್ಲ ಅಲ್ಲಿಗೇ ನಿಲ್ಲುತ್ತದೆ.

ಪ್ರಾಧ್ಯಾಪಕ: ಆಕ್ಷೇಪ ಸರಿಯಾದದ್ದು, ಅದಕ್ಕಾಗಿಯೇ ಅನಾದರದಲ್ಲಿ ಎರಡು ವಿಧಗಳನ್ನು ಬೇರ್ಪಡಿಸಬೇಕು. ಒಳಮೈಯ ಅಂದಚಂದದ ಬಗೆಗಿನ ಅನಾದರ ಒಂದು, ಕಟ್ಟಡದ ಜೀವದ ಬಗೆಗಿನ ಅನಾದರ ಇನ್ನೊಂದು. ಚಾವಣಿ, ತಳಪಾಯ, ಕಂಬ, ವಿದ್ಯುತ್ ತಂತಿ ಇವು ಕಟ್ಟಡದ ಜೀವ. ಇವುಗಳ ಸ್ಥಿತಿಯನ್ನು ರಚನಾ ಎಂಜಿನಿಯರರಿಂದ ಪರೀಕ್ಷಿಸಿ, ದುರಸ್ತಿಯ ಹಣದಲ್ಲಿ ಮೊದಲ ಪಾಲನ್ನು ಇವುಗಳಿಗೇ ಕೊಡಬೇಕು. ಈ ವಿವೇಕಕ್ಕೂ ಪೂರ್ವನಿದರ್ಶನಗಳಿವೆ. ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯ ತನ್ನ ರಾಷ್ಟ್ರೀಯ ರೋಬೋಟಿಕ್ಸ್ ಎಂಜಿನಿಯರಿಂಗ್ ಕೇಂದ್ರವನ್ನು 1996ರಲ್ಲಿ ಹಳೆಯ ಎರಕದ ಕಾರ್ಖಾನೆಯೊಂದರಲ್ಲಿ ಇರಿಸಿತು; ಭಾರ ತಡೆಯುವ ನೆಲ, ಎತ್ತರದ ಚಾವಣಿ, ಲಾರಿ ಒಳಬರುವ ಬಾಗಿಲು ಅಂತಹ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಮೊದಲೇ ಸಿದ್ಧವಿರುತ್ತವೆ. ಅದೇ ನಗರದಲ್ಲಿ ‘ಮಿಲ್ 19’ ಎಂಬ ಮುಚ್ಚಿದ ಉಕ್ಕಿನ ಗಿರಣಿಯ ಅಸ್ಥಿಪಂಜರವನ್ನು ಹಾಗೆಯೇ ಉಳಿಸಿ, ಅದರ ಮೇಲ್ಭಾಗಕ್ಕೆ ಸೌರ ಫಲಕಗಳನ್ನು ಹೊದಿಸಿ, ಒಳಗೆ ಕಟ್ಟಿದ ಹೊಸ ಕೊಠಡಿಗಳಲ್ಲಿ 2019ರಿಂದ ತಯಾರಿಕಾ ರೋಬೋಟಿಕ್ಸ್ ಸಂಶೋಧನೆ ನಡೆದಿದೆ. ಹಳೆಯದರಲ್ಲಿ ಗಟ್ಟಿ ಇದ್ದುದನ್ನು ಉಳಿಸಿಕೊಂಡು, ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಸೇರಿಸಿದ್ದು ಎರಡು ಕಡೆಯೂ ಕಾಣುವ ಗುಣ.

ಉದ್ಯಮಿ: ಎರಕದ ಕಾರ್ಖಾನೆಯ ನೆಲ ಬೇರೆ, ಪಾಠದ ಕೊಠಡಿಯ ನೆಲ ಬೇರೆ. ಅರ್ಧ ಟನ್ ತೂಗುವ ಯಂತ್ರವನ್ನು ಮೊದಲ ಮಹಡಿಯ ತರಗತಿಯಲ್ಲಿ ನಿಲ್ಲಿಸಿದರೆ ಕೆಳಗಿನ ಕೊಠಡಿಯಲ್ಲಿ ಕೂರುವ ಧೈರ್ಯ ಯಾರಿಗಿದೆ?

ಪ್ರಾಧ್ಯಾಪಕ: ಭಾರತೀಯ ಮಾನಕ ಐಎಸ್ 875ರ ಪ್ರಕಾರ ತರಗತಿ ಕೊಠಡಿಯ ನೆಲವನ್ನು ಪ್ರತಿ ಚದರ ಮೀಟರಿಗೆ 3 ಕಿಲೋನ್ಯೂಟನ್, ಸ್ಥೂಲವಾಗಿ 300 ಕಿಲೋಗ್ರಾಂ ಭಾರಕ್ಕೆ ಲೆಕ್ಕಹಾಕಲಾಗುತ್ತದೆ. ಅದು ಕೊಠಡಿಯ ಉದ್ದಗಲಕ್ಕೂ ಹರಡಿದ ಭಾರದ ಲೆಕ್ಕ. ರೋಬೋಟಿನ ಭಾರವಾದರೋ ಒಂದು ಸಣ್ಣ ಬುಡದ ಮೇಲೆ ಬೀಳುತ್ತದೆ, ಅದಲ್ಲದೆ ವೇಗವಾಗಿ ಬೀಸುವ ತೋಳು ತಟ್ಟನೆ ನಿಂತಾಗ ಬುಡವನ್ನು ಕೀಳುವಂತಹ ಹೆಚ್ಚಿನ ಬಲವೂ ನೆಲಕ್ಕೆ ತಾಗುತ್ತದೆ. ಆದ್ದರಿಂದ ಭಾರಿ ತೋಳುಗಳು ನೆಲಅಂತಸ್ತಿನಲ್ಲೇ, ಬೇಕಾದರೆ ನೆಲ ಅಗೆದು ಹಾಕಿದ ಪ್ರತ್ಯೇಕ ಕಾಂಕ್ರೀಟ್ ಪೀಠದ ಮೇಲೆ ನಿಲ್ಲಬೇಕು. ಆದರೆ ಎಲ್ಲ ಸಂಶೋಧನೆಗೂ ಭಾರಿ ತೋಳು ಬೇಕಿಲ್ಲ. ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡಲೆಂದು ರೂಪಿಸಿದ ಸಹಯೋಗಿ ರೋಬೋಟುಗಳು, ಕಾರ್ಖಾನೆಯವರು ‘ಕೋಬಾಟ್’ ಎನ್ನುವವು, ಹಗುರವಾಗಿರುತ್ತವೆ; ಐದು ಕಿಲೋ ಎತ್ತುವ ಅಂತಹ ತೋಳೊಂದು ತಾನು ತೂಗುವುದು ಸುಮಾರು ಇಪ್ಪತ್ತು ಕಿಲೋ ಮಾತ್ರ. ಅವು, ಚಕ್ರದ ಮೇಲೆ ಓಡಾಡುವ ಸಣ್ಣ ಬಂಡಿಗಳು ಮತ್ತು ಕೇವಲ ಗಣಕದಲ್ಲಿ ನಡೆಯುವ ಕೆಲಸ ಮಹಡಿಯ ಮೇಲಿದ್ದರೆ ತೊಂದರೆಯಿಲ್ಲ. ಯಾವ ಕೆಲಸ ಯಾವ ಅಂತಸ್ತಿಗೆ ಎಂಬುದನ್ನು ಭಾರವೇ ನಿರ್ಧರಿಸಬೇಕು, ವಿಭಾಗದ ಹಿರಿತನವಲ್ಲ.

ಉದ್ಯಮಿ: ನೆಲದ ನಂತರ ಕರೆಂಟು. ಬೆಸ್ಕಾಂನಿಂದ ತ್ರೀ ಫೇಸ್ ಸಂಪರ್ಕ, ಸರಿಯಾದ ಅರ್ಥಿಂಗ್, ಗಾಳಿಯ ಕಂಪ್ರೆಸರ್ ಇವಿಲ್ಲದೆ ಯಾವ ಶೆಡ್ಡೂ ಒಂದು ದಿನ ನಡೆಯುವುದಿಲ್ಲ. ತರಗತಿಗಳಿಗೆ ದೀಪ ಮತ್ತು ಫ್ಯಾನಿನ ಲೆಕ್ಕಕ್ಕೆ ಎಳೆದ ತಂತಿ ಇದನ್ನೆಲ್ಲ ಹೊರುವುದೇ?

ಪ್ರಾಧ್ಯಾಪಕ: ಹೊರುವುದಿಲ್ಲ, ಹೊರಿಸಲೂ ಬಾರದು. ಮುಖ್ಯ ಫಲಕದಿಂದ ಪ್ರಯೋಗಾಲಯಕ್ಕೆಂದೇ ಬೇರೆ ಕೇಬಲ್ ಎಳೆದು, 415 ವೋಲ್ಟಿನ ತ್ರೀ ಫೇಸ್ ಸರಬರಾಜನ್ನೂ ಅದಕ್ಕೆ ತಕ್ಕ ಅರ್ಥಿಂಗನ್ನೂ ಹೊಸದಾಗಿ ಮಾಡಿಸಬೇಕು. ಹಿಡಿಕೆಗಳು, ಅಂದರೆ ತೋಳಿನ ತುದಿಯಲ್ಲಿ ವಸ್ತುವನ್ನು ಹಿಡಿಯುವ ಗ್ರಿಪ್ಪರುಗಳು, ಬಹುಮಟ್ಟಿಗೆ ಒತ್ತಿದ ಗಾಳಿಯಿಂದ ಕೆಲಸ ಮಾಡುವುದರಿಂದ ಕಂಪ್ರೆಸರ್ ಬೇಕು. ಅದರ ಸದ್ದು ಪಕ್ಕದ ತರಗತಿಗೆ ಕೇಳದಂತೆ ಅದನ್ನು ಹೊರಗಿನ ಗೂಡಿನಲ್ಲಿಟ್ಟು ಕೊಳವೆ ಮಾತ್ರ ಒಳತರಬೇಕು. ಲಿಥಿಯಂ ಬ್ಯಾಟರಿಗಳು ಚಾರ್ಜ್ ಆಗುವಾಗ ಬೆಂಕಿ ಹೊತ್ತಿಕೊಳ್ಳುವ ಅಪಾಯವಿರುವುದರಿಂದ ಅವುಗಳಿಗೆ ಗಾಳಿಯಾಡುವ, ಮರದ ಸಾಮಾನಿಲ್ಲದ ಪ್ರತ್ಯೇಕ ಕೊಠಡಿ ಮೀಸಲಿಡಬೇಕು. ಈ ಕೇಬಲ್ಲು, ಕೊಳವೆಗಳನ್ನೆಲ್ಲ ಗೋಡೆಯೊಳಗೆ ಹುದುಗಿಸದೆ ಹೊರಗೇ ಕಾಣುವಂತೆ ಓಡಿಸಿದರೆ ಮುಂದಿನ ವರ್ಷದ ಬದಲಾವಣೆ ಸಲೀಸಾಗುತ್ತದೆ.

ಉದ್ಯಮಿ: ಸುರಕ್ಷೆಯ ಮಾತೂ ಬರಬೇಕು. ಕಾರ್ಖಾನೆಯಲ್ಲಿ ರೋಬೋಟಿನ ಸುತ್ತ ಬೇಲಿ ಇರುತ್ತದೆ, ಬೇಲಿಯ ಬಾಗಿಲು ತೆರೆದರೆ ಯಂತ್ರ ನಿಲ್ಲುತ್ತದೆ. ವಿದ್ಯಾರ್ಥಿಗಳು ಬೇಲಿಯ ಹೊರಗೆ ನಿಂತು ಕಲಿಯುವವರಲ್ಲ, ಕೈ ಹಾಕಿ ನೋಡುವವರು.

ಪ್ರಾಧ್ಯಾಪಕ: ಕಾರ್ಖಾನೆಯ ರೋಬೋಟುಗಳ ಸುರಕ್ಷೆಗೆ ಐಎಸ್‌ಒ 10218 ಎಂಬ ಅಂತರರಾಷ್ಟ್ರೀಯ ಮಾನಕವಿದೆ, ಸಹಯೋಗಿ ರೋಬೋಟು ಮನುಷ್ಯನ ಮೈಗೆ ತಾಗಿದಾಗ ಯಾವ ಅಂಗಕ್ಕೆ ಎಷ್ಟು ಒತ್ತಡದವರೆಗೆ ಸಹ್ಯ ಎಂಬ ಮಿತಿಗಳನ್ನು 2016ರ ಐಎಸ್‌ಒ ಟಿಎಸ್ 15066 ನೀಡಿತು. ಇಲ್ಲಿ ಮರೆಯಬಾರದ ಸಂಗತಿಯೆಂದರೆ, ಸುರಕ್ಷೆ ತೋಳಿಗೆ ಸೇರಿದ ಗುಣವಲ್ಲ, ಇಡೀ ಕೆಲಸಕ್ಕೆ ಸೇರಿದ ಗುಣ: ಮುಟ್ಟಿದೊಡನೆ ನಿಲ್ಲುವ ಮೃದುವಾದ ತೋಳಿಗೂ ಹಲಸು ಕತ್ತರಿಸುವ ಚಾಕು ಕಟ್ಟಿದರೆ ಅದು ಅಪಾಯಕಾರಿ ಯಂತ್ರವೇ. ಆದ್ದರಿಂದ ಭಾರಿ ತೋಳಿಗೆ ಬೇಲಿ, ಹಗುರ ತೋಳಿಗೆ ನೆಲದ ಮೇಲೆ ಬಣ್ಣದ ಗಡಿ, ಎಲ್ಲಕ್ಕೂ ಕೈಗೆಟುಕುವಂತೆ ತುರ್ತು ನಿಲುಗಡೆಯ ಕೆಂಪು ಗುಂಡಿ, ಮತ್ತು ಹೊಸ ಪ್ರಯೋಗ ಶುರುವಾಗುವ ಮುನ್ನ ಅಪಾಯದ ಲಿಖಿತ ಅಂದಾಜು ಕಡ್ಡಾಯವಾಗಬೇಕು. ಗೋಡೆ ಕೊರೆಯುವ ಸ್ವಾತಂತ್ರ್ಯ ಈ ಶಿಸ್ತಿಗೆ ವಿರೋಧವಲ್ಲ. ಜಾಗದ ಬಗ್ಗೆ ಉದಾರವಾಗಿರುವ ಆಡಳಿತ ಜೀವದ ಬಗ್ಗೆ ಕಟ್ಟುನಿಟ್ಟಾಗಿರಬಹುದು.

ಉದ್ಯಮಿ: ಇಷ್ಟೆಲ್ಲ ಕೂಡಿಸಿದ ಮೇಲೂ ಪಾಠದ ಕೊಠಡಿ ಪಾಠದ ಕೊಠಡಿಯೇ. ನಡುವೆ ಕಂಬ, ಉದ್ದುದ್ದ ಪಡಸಾಲೆ, ಎರಡೂ ಕಡೆ ಕಿಟಕಿ. ಇವು ಸಂಶೋಧನೆಗೆ ಅಡಚಣೆಯಾಗುವುದಿಲ್ಲವೇ?

ಪ್ರಾಧ್ಯಾಪಕ: ಅಡಚಣೆಗಳೇ ಇಲ್ಲಿ ಪ್ರಯೋಗದ ಸಾಮಗ್ರಿ. ತಾನೇ ಓಡಾಡುವ ಬಂಡಿ ಹೊಸ ಜಾಗದಲ್ಲಿ ಸುತ್ತಲಿನ ನಕ್ಷೆ ಬರೆಯುತ್ತಲೇ ಆ ನಕ್ಷೆಯಲ್ಲಿ ತನ್ನ ಸ್ಥಾನವನ್ನು ಗುರುತಿಸಿಕೊಳ್ಳಬೇಕಾಗುತ್ತದೆ. ಸ್ಲ್ಯಾಮ್ ಎಂಬ ಹೆಸರಿನ ಈ ವಿಧಾನಕ್ಕೆ ಕಠಿಣ ಪರೀಕ್ಷೆಯೆಂದರೆ ಒಂದೇ ಅಳತೆಯ ಬಾಗಿಲುಗಳು ಸಾಲಾಗಿರುವ ಉದ್ದನೆಯ ಪಡಸಾಲೆ. ಅಲ್ಲಿ ಲೇಸರ್ ಕಿರಣಗಳಿಗೆ ಹತ್ತನೆಯ ಬಾಗಿಲೂ ಹನ್ನೊಂದನೆಯ ಬಾಗಿಲೂ ಒಂದೇ ತೆರನಾಗಿ ಕಾಣುವುದರಿಂದ ಬಂಡಿ ತಾನು ಮುಂದೆ ಸಾಗಿದ್ದನ್ನೇ ಅರಿಯದೆ ದಾರಿ ತಪ್ಪುತ್ತದೆ. ಅವಕೆಂಪು ಬೆಳಕಿನಿಂದ ದೂರ ಅಳೆಯುವ ಕ್ಯಾಮೆರಾಗಳಿಗೆ ಪಶ್ಚಿಮದ ಕಿಟಕಿಯಿಂದ ಬೀಳುವ ಸಂಜೆಯ ಬಿಸಿಲು ಕುರುಡು ಹಿಡಿಸುತ್ತದೆ. ತಿರುಗುವ ಫ್ಯಾನು, ಜನರ ಓಡಾಟ, ಒಂದು ಬೆರಳಷ್ಟು ಎತ್ತರದ ಹೊಸ್ತಿಲು ಇವೆಲ್ಲ ಅಚ್ಚುಕಟ್ಟಾದ ಹೊಸ ಪ್ರಯೋಗಾಲಯದಲ್ಲಿ ಇರುವುದಿಲ್ಲ. ಆದರೆ ರೋಬೋಟು ಮುಂದೆ ದುಡಿಯಬೇಕಾದ ಆಸ್ಪತ್ರೆ, ಗೋದಾಮು, ಮಂಡಿಗಳಲ್ಲಿ ಇದ್ದೇ ಇರುತ್ತವೆ. ಎರಡು ಅಂತಸ್ತಿನ ಎತ್ತರದ ಹಳೆಯ ಸಭಾಂಗಣವಿದ್ದರೆ ಬಲೆ ಕಟ್ಟಿ ಅದರೊಳಗೆ ಸಣ್ಣ ಡ್ರೋನುಗಳನ್ನು ಹಾರಿಸಬಹುದು, ಕಂಬ ನಿಲ್ಲಿಸಿ ಅಡಿಕೆ ಮರ ಹತ್ತುವ ಯಂತ್ರದ ಹಿಡಿತವನ್ನು ಪರೀಕ್ಷಿಸಬಹುದು.

ಉದ್ಯಮಿ: ಅಡಿಕೆಯ ಮಾತು ಬಂದದ್ದು ಒಳ್ಳೆಯದಾಯಿತು, ಜಾಗದ ಚರ್ಚೆಯಲ್ಲಿ ಕೆಲಸದ ಚರ್ಚೆ ಮರೆತುಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2020ರಲ್ಲಿ ಆರಂಭವಾದ ‘ಆರ್ಟ್‌ಪಾರ್ಕ್’ ಎಂಬ ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಉದ್ಯಾನಕ್ಕೆ ಕೇಂದ್ರ ಸರ್ಕಾರ 170 ಕೋಟಿ, ರಾಜ್ಯ ಸರ್ಕಾರ 60 ಕೋಟಿ ರೂಪಾಯಿ ನೀಡಲು ಮುಂದಾದವು. ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಅಂತಹ ಸಂಸ್ಥೆ ಇರುವಾಗ ತುಮಕೂರಿನ ಹಳೆಯ ಕೊಠಡಿಯಲ್ಲಿ ಮಾಡುವುದೇನು ಉಳಿದಿದೆ?

ಪ್ರಾಧ್ಯಾಪಕ: ಅದೇ ಕೆಲಸವನ್ನು ಸಣ್ಣದಾಗಿ ಮಾಡಹೊರಟರೆ ಏನೂ ಉಳಿದಿಲ್ಲ, ಈ ನೆಲದ ಕೆಲಸ ಹಿಡಿದರೆ ಬೇಕಾದಷ್ಟಿದೆ. ತುಮಕೂರಿನ ಎಪಿಎಂಸಿ ಹುಣಸೆಹಣ್ಣಿನ ವ್ಯಾಪಾರಕ್ಕೆ ಹೆಸರಾದದ್ದು, ಮತ್ತು ಹಣ್ಣನ್ನು ಕುಟ್ಟಿ ಬೀಜ, ನಾರು ಬೇರ್ಪಡಿಸುವ ಕೆಲಸ ಇಂದಿಗೂ ಬಹುಪಾಲು ಹೆಂಗಸರ ಕೈಯಲ್ಲಿ ನಡೆಯುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಪ್ರಸಿದ್ಧ. ಆಕಾರದಲ್ಲಿ ಒಂದರಂತೆ ಇನ್ನೊಂದಿಲ್ಲದ, ಅಂಟು ಸುರಿಸುವ ಹಣ್ಣನ್ನು ಹಿಡಿದು ಕತ್ತರಿಸುವುದು ಯಾವ ದೇಶದ ಗ್ರಿಪ್ಪರ್ ಸಂಶೋಧಕರಿಗೂ ಸವಾಲೇ. ಅಂತರಸನಹಳ್ಳಿಯ ಮಾರುಕಟ್ಟೆಗೆ ಬರುವ ಟೊಮೆಟೊವನ್ನು ಜಜ್ಜದೆ ವಿಂಗಡಿಸುವುದು, ಗುಬ್ಬಿ, ಕುಣಿಗಲ್ ಕಡೆಯ ತೋಟಗಳಲ್ಲಿ ಆಳಿನ ಜೀವಕ್ಕೆ ಅಪಾಯವಿಲ್ಲದೆ ಗೊನೆ ಇಳಿಸುವುದು, ಇವು ದೊಡ್ಡ ಪ್ರಯೋಗಾಲಯಗಳ ಪಟ್ಟಿಯಲ್ಲಿ ಕೆಳಗಿರುವ, ಆದರೆ ಇಲ್ಲಿ ಮೇಲಿರಬೇಕಾದ ಸಮಸ್ಯೆಗಳು. ಇದರ ಜತೆಗೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಗಿದೆ, ವಸಂತನರಸಾಪುರದಲ್ಲಿ ಯಂತ್ರೋಪಕರಣಗಳ ಪಾರ್ಕ್ ಇದೆ. ನಿಖರ ತಯಾರಿಕೆಗೆ ಸಂಬಂಧಿಸಿದ ಪ್ರಶ್ನೆಗಳಿಗೂ ಕೊರತೆಯಿಲ್ಲ.

ಉದ್ಯಮಿ: ಹುಣಸೆಹಣ್ಣು ಬಿಡಿಸುವ ಹೆಂಗಸರ ಮಾತನ್ನು ತಾವೇ ಎತ್ತಿದಿರಿ. ಆ ಕೆಲಸ ಯಂತ್ರಕ್ಕೆ ಹೋದರೆ ಅವರ ದಿನಗೂಲಿ ಹೋಗುತ್ತದೆ. ಸಾರ್ವಜನಿಕ ಹಣದ ಪ್ರಯೋಗಾಲಯ ಊರಿನ ಬಡವರ ಕೂಲಿ ಕಳೆದರೆ ಅದನ್ನು ಸಂಶೋಧನೆಯೆಂದು ಯಾವ ಬಾಯಲ್ಲಿ ಹೇಳುವುದು?

ಪ್ರಾಧ್ಯಾಪಕ: ಈ ಪ್ರಶ್ನೆಗೆ ಪೂರ್ತಿ ಸಮಾಧಾನದ ಉತ್ತರ ಇಲ್ಲ. ಆದರೆ ಸಮಸ್ಯೆಯನ್ನು ಆರಿಸುವ ಹಂತದಲ್ಲೇ ಒಂದು ವಿಂಗಡಣೆ ಸಾಧ್ಯ. ಎತ್ತರದಿಂದ ಬೀಳುವ ಅಪಾಯವಿರುವ, ಮೈಕೈ ನೋವಿನಿಂದ ಆಯುಸ್ಸು ಸವೆಯುವ, ಆಳೇ ಸಿಗದೆ ನಿಂತುಹೋಗುತ್ತಿರುವ ಕೆಲಸಗಳನ್ನು ಮೊದಲು ಎತ್ತಿಕೊಳ್ಳಬಹುದು. ಉಳಿದ ಕಡೆ, ಕೆಲಸ ಮಾಡುವವರ ಕೈಯಲ್ಲೇ ಇರುವ, ಅವರ ಸಂಘವೊಂದು ಕೊಳ್ಳಬಲ್ಲ ಬೆಲೆಯ ಸಣ್ಣ ಸಾಧನಗಳನ್ನು ಗುರಿಯಾಗಿಸಿಕೊಳ್ಳಬಹುದು. ಇದಕ್ಕಾಗಿ ಆ ಹೆಂಗಸರು ಪ್ರಯೋಗಾಲಯದ ಒಳಗೆ ಬಂದು, ಯಂತ್ರ ಎಲ್ಲಿ ಎಡವುತ್ತಿದೆ ಎಂದು ಹೇಳುವಂತಿರಬೇಕು. ನಗರದ ನಡುವಿನ ಹಳೆಯ ಆವರಣದ ಪರವಾಗಿ ಹೇಳಬಹುದಾದ ಇನ್ನೊಂದು ಮಾತು ಇದು: ಬಸ್ಸಿಳಿದು ನಡೆದು ಬರಬಹುದಾದ ಜಾಗಕ್ಕೆ ರೈತನೂ ಬರುತ್ತಾನೆ, ಕಾರ್ಖಾನೆಯ ಫಿಟ್ಟರೂ ಬರುತ್ತಾನೆ.

ಉದ್ಯಮಿ: ಬರುತ್ತಾರೆಂದರೆ ಬಾಗಿಲು ತೆರೆದಿರಬೇಕು. ಫಿಟ್ಟರ್ ಕೆಲಸ ಮುಗಿಸಿ ಹೊರಡುವುದು ಸಂಜೆ ಆರಕ್ಕೆ, ಕಾಲೇಜಿನ ಗೇಟು ಮುಚ್ಚುವುದು ಐದಕ್ಕೆ. ಅದಲ್ಲದೆ ರೋಬೋಟಿಕ್ಸ್ ಕಲಿಸುವ ಎಂಜಿನಿಯರಿಂಗ್ ಕಾಲೇಜುಗಳದ್ದೇ ಬೇರೆ ದಾರಿ. 1963ರಲ್ಲಿ ಆರಂಭವಾದ ಸಿದ್ದಗಂಗಾ ತಾಂತ್ರಿಕ ವಿದ್ಯಾಲಯದಂಥವು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರುತ್ತವೆ. ಖಾಲಿ ಕೊಠಡಿ ಇರುವುದು ಕಲೆ, ವಿಜ್ಞಾನ, ವಾಣಿಜ್ಯದ ವಿಶ್ವವಿದ್ಯಾನಿಲಯದಲ್ಲಿ. ಒಬ್ಬರ ಹತ್ತಿರ ಜಾಗ, ಇನ್ನೊಬ್ಬರ ಹತ್ತಿರ ವಿದ್ಯೆ.

ಪ್ರಾಧ್ಯಾಪಕ: ಆ ವಿಂಗಡಣೆಯನ್ನು ಒಪ್ಪಂದದಿಂದ ದಾಟಬಹುದು. ಜಾಗ ವಿಶ್ವವಿದ್ಯಾನಿಲಯದ್ದು, ಯಂತ್ರವಿದ್ಯೆ ಎಂಜಿನಿಯರಿಂಗ್ ಕಾಲೇಜುಗಳದ್ದು, ಸಮಸ್ಯೆ ಮತ್ತು ಬಿಡಿಭಾಗ ಕೈಗಾರಿಕೆಯದ್ದು. ಗಣಿತ, ಭೌತಶಾಸ್ತ್ರ, ಗಣಕ ವಿಜ್ಞಾನ ಓದಿದವರಿಗೂ ಇಲ್ಲಿ ಕೆಲಸವಿದೆ. ರೋಬೋಟುಗಳಿಗೆ ಬಳಸುವ ತಂತ್ರಾಂಶದ ತಳಹದಿಯಾದ, 2007ರಲ್ಲಿ ಮೊದಲಾದ ‘ರಾಸ್’ ಎಂಬ ವ್ಯವಸ್ಥೆ ಯಾರು ಬೇಕಾದರೂ ಉಚಿತವಾಗಿ ಬಳಸಿ ತಿದ್ದಬಹುದಾದದ್ದು. ಇನ್ನು ಕೈಕೆಲಸಕ್ಕೆ, ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜತೆಗೂಡಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಗಿದ್ದು, ಅಲ್ಲಿ ಆಧುನಿಕ ಯಂತ್ರಗಳ ಮೇಲೆ ತರಬೇತಾದವರು ಪ್ರಯೋಗಾಲಯದ ತಂತ್ರಜ್ಞರಾಗಬಹುದು. ಸಂಶೋಧಕ ಮೂರು ವರ್ಷಕ್ಕೆ ಪದವಿ ಪಡೆದು ಹೋಗುತ್ತಾನೆ. ಯಂತ್ರದ ಮನೋಧರ್ಮ ಬಲ್ಲ ತಂತ್ರಜ್ಞ ಉಳಿದರೆ ಮಾತ್ರ ಪ್ರಯೋಗಾಲಯಕ್ಕೆ ನೆನಪು ಉಳಿಯುತ್ತದೆ.

ಉದ್ಯಮಿ: ಈ ಊರು ಆ ಪಾಠವನ್ನು ಒಮ್ಮೆ ಕಲಿತಿದೆ. 1978ರಲ್ಲಿ ಆರಂಭವಾದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ, ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ನಿರ್ಧರಿಸಿದಾಗ ಕೊನೆಗೊಂಡಿತು. ಅದರ ಜಮೀನು ಬಾಹ್ಯಾಕಾಶ ಇಲಾಖೆಯ ಕೈ ಸೇರಿದ್ದು ಊರಿಗೆ ಒಳ್ಳೆಯದೇ. ಆದರೆ ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಜೋಡಿಸುತ್ತಿದ್ದ ಕೈಗಳ ಚಳಕ ಜಮೀನಿನ ಜತೆ ವರ್ಗಾವಣೆಯಾಗುವಂತಹದಲ್ಲ.

ಪ್ರಾಧ್ಯಾಪಕ: ಕಟ್ಟಡದ ಮರುಬಳಕೆ ಕುರಿತ ಚರ್ಚೆಗೆ ಅದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ನೆಲ, ಗೋಡೆಗಳ ಲೆಕ್ಕ ಕಡತದಲ್ಲಿ ಸುಲಭವಾಗಿ ಸಿಗುತ್ತದೆ, ಕೈಚಳಕದ ಲೆಕ್ಕ ಸಿಗುವುದಿಲ್ಲ. ಆದಕಾರಣ ಹಣವೂ ಗೋಡೆಯ ಕಡೆಗೇ ಹರಿಯುತ್ತದೆ. ನಮ್ಮಲ್ಲಿ ಹಳೆಯ ಕೊಠಡಿಯನ್ನು ಪ್ರಯೋಗಾಲಯವಾಗಿಸುವ ಎಸ್ಟಿಮೇಟುಗಳಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಗ್ರಾನೈಟ್ ನೆಲ, ಫಾಲ್ಸ್ ಸೀಲಿಂಗ್, ಗಾಜಿನ ಬಾಗಿಲು, ಹವಾನಿಯಂತ್ರಣ. ಅಳತೆ ಮಾಡಿ ರಾಜ್ಯದ 1999ರ ಪಾರದರ್ಶಕ ಸಂಗ್ರಹಣೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಲು, ಬಿಲ್ ಪಾಸು ಮಾಡಲು, ಉದ್ಘಾಟನೆಯ ದಿನ ತೋರಿಸಲು ಇವು ಸುಲಭ. ಆದರೆ ಅಂದಗೊಳಿಸಿದ ದಿನವೇ ಆ ಕೊಠಡಿ ತನ್ನ ಮುಖ್ಯ ಅನುಕೂಲವನ್ನು ಕಳೆದುಕೊಳ್ಳುತ್ತದೆ. ಗ್ರಾನೈಟಿಗೆ ಬೋಲ್ಟ್ ಹೊಡೆಯಲು ಕೈ ಬರುವುದಿಲ್ಲ, ಫಾಲ್ಸ್ ಸೀಲಿಂಗಿನಿಂದ ಕ್ಯಾಮೆರಾ ತೂಗುಹಾಕಲು ಆಗುವುದಿಲ್ಲ, ಗಾಜಿನ ಬಾಗಿಲಿನ ಹಿಂದೆ ಎಣ್ಣೆ ಸುರಿಸುವಂತಿಲ್ಲ. ಗಣ್ಯರು ಬರುವ ದಿನ ತೆರೆದು ಉಳಿದ ದಿನ ಮುಚ್ಚುವ ಪ್ರದರ್ಶನ ಕೊಠಡಿಯಾಗಿ ಅದು ಮತ್ತೆ ಬಳಕೆ ತಪ್ಪುತ್ತದೆ, ಈ ಸಲ ಹೆಚ್ಚಿನ ಖರ್ಚಿನಲ್ಲಿ.

ಉದ್ಯಮಿ: ಹಾಗಾದರೆ ಷರತ್ತುಗಳನ್ನು ಬರೆದುಕೊಳ್ಳೋಣ. ಭಾರಿ ತೋಳುಗಳ ಜಾಗ ನೆಲಅಂತಸ್ತಿನಲ್ಲಿರಬೇಕು. ಚಾವಣಿ, ತಂತಿ, ಅರ್ಥಿಂಗ್, ಬೆಂಕಿಯ ಸುರಕ್ಷೆ ಇವಿಷ್ಟು ಮುಗಿಯುವ ತನಕ ಬಣ್ಣಕ್ಕೂ ಪೀಠೋಪಕರಣಕ್ಕೂ ಹಣ ಬಿಡುಗಡೆಯಾಗಬಾರದು. ಗೋಡೆ, ನೆಲ ಕೊರೆಯಲು ಪ್ರಯೋಗಾಲಯದ ಮುಖ್ಯಸ್ಥರ ಒಪ್ಪಿಗೆ ಸಾಕು ಎಂದು ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಮೊದಲೇ ನಿರ್ಣಯಿಸಬೇಕು. ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರಬೇಕು, ಹೊರಗಿನವರಿಗೆ ಪ್ರವೇಶವಿರಬೇಕು. ಯಂತ್ರ ಬರುವ ಮುನ್ನ ತಂತ್ರಜ್ಞ ನೇಮಕವಾಗಬೇಕು.

ಪ್ರಾಧ್ಯಾಪಕ: ಅದಕ್ಕೆ ಇನ್ನೆರಡು ಸೇರಬೇಕು. ಪ್ರಯೋಗದಲ್ಲಿ ಮುರಿದ ಭಾಗಕ್ಕೆ ಯಾರನ್ನೂ ಹೊಣೆ ಮಾಡಿ ದಂಡ ಹಾಕಬಾರದು. ಉಪಕರಣಗಳ ಲೆಕ್ಕವಿಡುವ ಡೆಡ್ ಸ್ಟಾಕ್ ರಿಜಿಸ್ಟರಿನ ಭಯದಿಂದ ಉಪಕರಣವನ್ನು ಕಪಾಟಿನಲ್ಲಿಟ್ಟು ಕಾಯುವ ಪದ್ಧತಿ ಸಂಶೋಧನೆಗೆ ಆಗಿಬರುವುದಿಲ್ಲ. ಎರಡನೆಯದಾಗಿ, ಮೂರು ವರ್ಷದ ನಂತರ ಅದೇ ಬಳಕೆಯ ಲೆಕ್ಕವನ್ನು ಈ ಕೊಠಡಿಗೂ ಹಚ್ಚಬೇಕು. ಆಗ ಅದು ಬೇರೆ ಕೊಠಡಿಗಳಿಗಿಂತ ಹೆಚ್ಚು ಗಂಟೆ, ಹೆಚ್ಚು ಕೈಗಳಿಗೆ ಕೆಲಸ ಕೊಟ್ಟಿರದಿದ್ದರೆ ಜಾಗವನ್ನು ತರಗತಿಗೆ ಹಿಂದಿರುಗಿಸಬೇಕು. ಗ್ರಾನೈಟ್ ಹಾಕಿರದಿದ್ದರೆ ಹಿಂದಿರುಗಿಸುವುದು ಯಾರಿಗೂ ನೋವಿನ ಸಂಗತಿಯಾಗುವುದಿಲ್ಲ.

ಉದ್ಯಮಿ: ಒಪ್ಪಬಹುದು, ಒಂದನ್ನು ಬಿಟ್ಟು. ತಂತ್ರಜ್ಞನ ಸಂಬಳ ಮೂರು ವರ್ಷದ ಯೋಜನೆಯ ಹಣದಿಂದ ಬಂದರೆ ಅವನೂ ಮೂರೇ ವರ್ಷ ಇರುತ್ತಾನೆ, ಎಚ್‌ಎಂಟಿಯ ಕಥೆ ಸಣ್ಣದಾಗಿ ಮರುಕಳಿಸುತ್ತದೆ. ಆ ಹುದ್ದೆ ವಿಶ್ವವಿದ್ಯಾನಿಲಯದ ಖಾಯಂ ಪಟ್ಟಿಯಲ್ಲಿರಬೇಕು. ಅದಾಗದಿದ್ದರೆ ಕೈಗಾರಿಕೆಗಳು ಸೇರಿ ಭರಿಸಬೇಕಾಗುತ್ತದೆ, ಆಗ ಯಾರ ಕೆಲಸಕ್ಕೆ ಮೊದಲ ಸರದಿ ಎಂಬ ಜಗಳ ಏಳುತ್ತದೆ.

ಪ್ರಾಧ್ಯಾಪಕ: ಖಾಯಂ ಹುದ್ದೆಗೆ ಸರ್ಕಾರದ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದು ಕೊಠಡಿ ತೆರವು ಮಾಡಿಸುವಷ್ಟು ಸುಲಭವಲ್ಲ. ಸರದಿಯ ಜಗಳವನ್ನು ನಿಯಮದಿಂದ ಬಗೆಹರಿಸಬಹುದು. ಹುದ್ದೆಯೇ ಇಲ್ಲದ ಪ್ರಯೋಗಾಲಯವನ್ನು ಯಾವ ನಿಯಮವೂ ನಡೆಸಲಾರದು. ಆದ್ದರಿಂದ ವಿಶ್ವವಿದ್ಯಾನಿಲಯದ ಕಟ್ಟಡ ಸಮಿತಿಗೆ ಕೊಠಡಿಯ ನಕ್ಷೆ ಹೋಗುವ ಮುನ್ನ ಸಿಂಡಿಕೇಟಿನ ಮುಂದೆ ಆ ಒಂದು ಹುದ್ದೆಯ ಪ್ರಸ್ತಾವ ಹೋಗುವುದು ಸರಿಯಾದ ಕ್ರಮ. ಅದು ನಿರ್ಧಾರವಾಗುವ ತನಕ ಕೊಠಡಿಯಲ್ಲಿ ತರಗತಿಗಳೇ ನಡೆಯಲಿ.